ಐದು ಸ್ವರಗಳ ಸ್ತುತಿಗೀತೆ, ಆರು ತಂತಿಗಳ ಗಿಟಾರ್

ಮಾನಂದವಾಡಿಯಿಂದ ಬರುವ ಹಾದಿಯು ಕಾಟ್ಟಿಕುಳಂನಲ್ಲಿ ಕವಲೊಡೆಯುತ್ತದೆ. ಒಂದು ಕವಲು ಬಾವಲಿಯ ಮೂಲಕ ಮೈಸೂರು ಸೀಮೆಗೂ ಇನ್ನೊಂದು ತೋಲ್ಪೆಟ್ಟಿಯ ಮೂಲಕ ಕೊಡಗಿನ ಕುಟ್ಟಕ್ಕೂ ಸಾಗುತ್ತದೆ. ಇಂತಹ ಗಡಿಯೂರಿನ ಮನೆಯಲ್ಲಿ ಕುಳಿತು ವಿದ್ಯುತ್ ಗಿಟಾರಿನಲ್ಲಿ ಆಂಗ್ಲ ಸ್ತುತಿಗೀತೆಯೊಂದನ್ನು ನುಡಿಸಹೊರಟ ವಿದ್ಯಾರ್ಥಿಗೆ ಅದು ತೀರಾ ಪರದೇಶದ ವಿದ್ಯೆಯೆಂದು ತೋರುವುದು ಸಹಜ. 'ಅಮೇಜಿಂಗ್ ಗ್ರೇಸ್' ಎಂಬ ಗೀತೆಯ ಮಟ್ಟಿಗೆ ಈ ಭಾವನೆ ಅರ್ಧಸತ್ಯ ಮಾತ್ರ.

ಈ ಗೀತೆಯ ಧಾಟಿಯಲ್ಲಿರುವುದು ಐದೇ ಸ್ವರಗಳು: ಸ, ರಿ, ಗ, ಪ, ದ. ಮಧ್ಯಮವೂ ನಿಷಾದವೂ ಅದರಲ್ಲಿಲ್ಲ. ಕರ್ನಾಟಕ ಸಂಗೀತದ ಮೋಹನ ರಾಗದ ಸ್ವರಗಳೂ ಇವೇ. 'ವರವೀಣಾ' ಗೀತೆಯನ್ನು ಕಲಿತ ಮಕ್ಕಳಿಗೆ ಈ ಸ್ವರಸ್ಥಾನಗಳು ಆಗಲೇ ಪರಿಚಿತ. ಹಾಗೆಂದು ಸ್ತುತಿಗೀತೆಯು ರಾಗವಾಗಿಬಿಡುವುದಿಲ್ಲ. ರಾಗದ ಜೀವವಿರುವುದು ಗಮಕದಲ್ಲಿ, ಸಂಚಾರದಲ್ಲಿ. ಈ ಗೀತೆಯಾದರೋ ಮೂರೆಣಿಕೆಯ ನಿಧಾನಗತಿಯಲ್ಲಿ ನೇರವಾಗಿ ಸಾಗುವಂಥದು.

ಗಿಟಾರಿನ ತಂತಿಗಳನ್ನು ತೆಳುವಾದದ್ದರಿಂದ ಎಣಿಸುವುದು ರೂಢಿ. ವಾಡಿಕೆಯ ಶ್ರುತಿಯಲ್ಲಿ ಮೂರನೆಯ ತಂತಿಯನ್ನು ಒತ್ತದೆ ಮೀಟಿದಾಗ ಬರುವ ನಾದವನ್ನೇ ಷಡ್ಜವೆಂದು ಹಿಡಿದರೆ, ಅದರ ಎರಡನೆಯ ಮೆಟ್ಟಿಲಲ್ಲಿ ರಿಷಭ, ಎರಡನೆಯ ತಂತಿಯನ್ನು ಬಿಡಿಯಾಗಿ ಮೀಟಿದರೆ ಗಾಂಧಾರ, ಅದರ ಮೂರನೆಯ ಮೆಟ್ಟಿಲಲ್ಲಿ ಪಂಚಮ ದೊರೆಯುತ್ತವೆ. ನಾಲ್ಕನೆಯ ತಂತಿಯ ಬಿಡಿನಾದ ಮಂದ್ರ ಪಂಚಮ. ಅದರ ಎರಡನೆಯ ಮೆಟ್ಟಿಲು ಮಂದ್ರ ಧೈವತ. ಇಡೀ ಧಾಟಿ ಈ ಆರು ಸ್ಥಾನಗಳೊಳಗೇ ಮುಗಿಯುತ್ತದೆ. ಒತ್ತಬೇಕಾದವು ಮೂರು ಮಾತ್ರ.

ವಿದ್ಯುತ್ ಗಿಟಾರಿನ ಉಕ್ಕಿನ ತಂತಿ ಕಂಪಿಸಿದಾಗ ಅದರಡಿಯ ಅಯಸ್ಕಾಂತಕ್ಕೆ ಸುತ್ತಿದ ಸುರುಳಿಯಲ್ಲಿ ಕ್ಷೀಣವಾದ ವಿದ್ಯುತ್ತು ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ಹಿಗ್ಗಿಸುತ್ತದೆ. ಹೆಡ್‌ಫೋನ್ ಧರಿಸಿದರೆ ಪಕ್ಕದ ಕೋಣೆಯಲ್ಲಿ ಪರೀಕ್ಷೆಗೆ ಓದುವವರಿಗೂ ತೊಂದರೆಯಿಲ್ಲ.

ಕೈಗೆ ಸುಲಭವಾದ ಈ ಗೀತೆಯ ಚರಿತ್ರೆ ಅಷ್ಟು ಹಗುರವಾದುದಲ್ಲ. ರಚಿಸಿದ ಜಾನ್ ನ್ಯೂಟನ್ ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನನಾಗಿದ್ದವನು. 1748ರ ಬಿರುಗಾಳಿಯಲ್ಲಿ ಬದುಕುಳಿದು ದೈವಭಕ್ತನಾದ ಬಳಿಕವೂ, 1754ರಲ್ಲಿ ಕಡಲನ್ನು ತೊರೆಯುವ ತನಕ, ಆ ವ್ಯಾಪಾರವನ್ನು ಬಿಡಲಿಲ್ಲ. ಮುಂದೆ ಪಾದ್ರಿಯಾಗಿ ಓಲ್ನಿ ಗ್ರಾಮದಲ್ಲಿದ್ದಾಗ 1773ರ ಹೊಸವರ್ಷದ ದಿನದ ಉಪದೇಶಕ್ಕೆಂದು ಈ ಗೀತೆಯನ್ನು ಬರೆದನು; 1779ರಲ್ಲಿ ಅದು ಅಚ್ಚಾಯಿತು. ಗುಲಾಮ ವ್ಯಾಪಾರವನ್ನು ಬಹಿರಂಗವಾಗಿ ಖಂಡಿಸುವ ಪುಸ್ತಿಕೆಯನ್ನು ಅವನು ಹೊರತಂದದ್ದು 1788ರಲ್ಲಿ. ಬ್ರಿಟಿಷ್ ಸಂಸತ್ತು ಆ ವ್ಯಾಪಾರವನ್ನು ನಿಷೇಧಿಸಿದ 1807ರಲ್ಲಿಯೇ ಅವನು ತೀರಿಕೊಂಡನು. ಇಂದು ಹಾಡುವ ಧಾಟಿಯು ಈ ಪದಗಳೊಡನೆ ಕೂಡಿದ್ದು 1835ರಲ್ಲಿ, ಅಮೆರಿಕದ ವಿಲಿಯಂ ವಾಕರನ ಸಂಗ್ರಹದಲ್ಲಿ.

ವಯನಾಡಿನ ಮಕ್ಕಳಿಗೆ ಈ ಕಥೆ ದೂರದ್ದೆನಿಸಬೇಕಾಗಿಲ್ಲ. ಮಾನಂದವಾಡಿ ಸಮೀಪದ ವಳ್ಳಿಯೂರ್‌ಕಾವಿನ ಉತ್ಸವದಲ್ಲಿ ಭೂಮಾಲಿಕರು ಅಡಿಯ, ಪಣಿಯ ಜನರನ್ನು ವರ್ಷದ ಮಟ್ಟಿಗೆ ದುಡಿಮೆಗೆ ಗೊತ್ತುಮಾಡಿಕೊಳ್ಳುವ ಪದ್ಧತಿ ಕಳೆದ ಶತಮಾನದಲ್ಲಿಯೂ ಇತ್ತು. ಬಲವಂತದ ದುಡಿಮೆಯನ್ನು ಸಂವಿಧಾನದ 23ನೆಯ ವಿಧಿ ನಿಷೇಧಿಸಿದರೂ, ಜೀತವನ್ನು ಅಳಿಸಲು 1976ರಲ್ಲಿ ಪ್ರತ್ಯೇಕ ಕಾಯಿದೆಯೇ ಬೇಕಾಯಿತು. ಮನಸ್ಸು ಕರಗುವುದಕ್ಕೂ ಅನ್ಯಾಯ ನಿಲ್ಲುವುದಕ್ಕೂ ನಡುವೆ ಎಷ್ಟು ದೀರ್ಘ ಕಾಲ ಹಿಡಿಯಬಹುದೆಂಬುದಕ್ಕೆ ನ್ಯೂಟನ್ನನ ಬದುಕಿನಂತೆಯೇ ಇದೂ ಸಾಕ್ಷಿ.

ಆದುದರಿಂದ ಮಕ್ಕಳು ಈ ಗೀತೆಯನ್ನು ಕಲಿಯುವಾಗ ಹೆತ್ತವರು ಅದರ ಕಥೆಯನ್ನೂ ಹೇಳುವುದು ಒಳ್ಳೆಯದು. ಸ್ವರವನ್ನು ಪೂರ್ತಿ ಮೊಳಗಲು ಬಿಟ್ಟು, ಮೂರು ಎಣಿಸಿ, ಅವಸರವಿಲ್ಲದೆ ಮುಂದಿನದನ್ನು ಮೀಟುವುದೇ ಇದನ್ನು ನುಡಿಸುವ ಸರಿಯಾದ ಕ್ರಮ. ಅರ್ಥ ತಿಳಿದ ಕೈಗೆ ಆ ನಿಧಾನ ತಾನಾಗಿಯೇ ಒದಗುತ್ತದೆ.