ನಿಮಗಿದು ಗೊತ್ತೇ? ಯರವಡಾ ಗೋಡೆಯೊಳಗೆ ಬಿಪಿ, ಶುಗರ್

ಪುಣೆಯ ಯರವಡಾ ಜೈಲು ಕಟ್ಟಿದ್ದು 1871ರಲ್ಲಿ. ಅಲ್ಲಿದ್ದ ಗಾಂಧೀಜಿಗೆ 1924ರ ಜನವರಿ 12ರಂದು ಅದೇ ಊರಿನ ಸಸೂನ್ ಆಸ್ಪತ್ರೆಯಲ್ಲಿ ಅಪೆಂಡಿಸೈಟಿಸ್ ಆಪರೇಷನ್ ಆಯಿತು. ನಡುವೆ ಕರೆಂಟು ಹೋಗಿ, ಡಾಕ್ಟರು ಲಾಟೀನಿನ ಬೆಳಕಿನಲ್ಲಿ ಮುಗಿಸಿದರು. ಯರವಡಾ ಕೈದಿಗಳ ದೊಡ್ಡ ಚಿಕಿತ್ಸೆಗೆ ಈಗಲೂ ಸಸೂನೇ ಗತಿ.

ಪುಣೆಯ ತಿಲಕರಿಗೆ ಸಕ್ಕರೆ ಕಾಯಿಲೆಯಿತ್ತು. 1908ರಿಂದ 1914ರವರೆಗೆ ಅವರಿದ್ದದ್ದು ಬರ್ಮಾದ ಮಂಡಾಲೆ ಜೈಲಿನಲ್ಲಿ. ಆ ಕಾಯಿಲೆಗೆ ಮದ್ದಾದ ಇನ್ಸುಲಿನ್ ಆಗಿನ್ನೂ ಇರಲಿಲ್ಲ, ಮೊದಲ ರೋಗಿಗೆ ಸಿಕ್ಕಿದ್ದು 1922ರಲ್ಲಿ!

ಈಗ ಇನ್ಸುಲಿನ್ ಇದೆ. ಆದರೆ ಚುಚ್ಚಿಕೊಂಡ ಮೇಲೆ ಊಟ ತಡವಾದರೆ ಮೈ ಬೆವರಿ ಕೈ ನಡುಗುತ್ತದೆ. ಮನೆಯಲ್ಲಾದರೆ ಒಂದು ಚಮಚ ಸಕ್ಕರೆ ಬಾಯಿಗೆ ಹಾಕಿಕೊಳ್ಳಬಹುದು. ಸಂಜೆಯೇ ಬೀಗ ಬೀಳುವ ಬ್ಯಾರಕ್ಕಿನಲ್ಲಿ ಕಾವಲುಗಾರನನ್ನು ಕೂಗಬೇಕು. ದೊಡ್ಡಾಸ್ಪತ್ರೆಗೆ ಹೋಗಬೇಕಾದರೆ ಪೊಲೀಸ್ ಬೆಂಗಾವಲು ಸಿಗಬೇಕು. ಅದು ಸಿಗದ ದಿನ ತಪಾಸಣೆಯೂ ಇಲ್ಲ.

‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಆಸ್ತಮಾ ರೋಗಿ. ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರು ಜೈಲಿನಲ್ಲಿ ತಿಂಗಳುಗಟ್ಟಲೆ ಕಳೆದು 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಬಂದರು. ಐದೇ ದಿನಕ್ಕೆ ತೀರಿಕೊಂಡರು. ಕನ್ನಡಿಗರು ಮರೆಯಬಾರದ ಸಾವು ಇದು.

ಪುಣೆಯಲ್ಲಿ ದಾಖಲಾದ ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಬಂಧಿತರಾದ ಫಾದರ್ ಸ್ಟ್ಯಾನ್ ಸ್ವಾಮಿ ಹಿಂದೆ ಬೆಂಗಳೂರಿನಲ್ಲಿ ಕೆಲಸ ಮಾಡಿದವರು. ಪಾರ್ಕಿನ್ಸನ್‌ನಿಂದ ಕೈ ನಡುಗಿ ಲೋಟ ಹಿಡಿಯಲಾಗದೆ, 2020ರ ನವೆಂಬರ್‌ನಲ್ಲಿ ಒಂದು ಸಿಪ್ಪರ್‌ಗಾಗಿ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು, ವಿಚಾರಣೆ ಶುರುವಾಗುವ ಮೊದಲೇ ಅವರು ತೀರಿಕೊಂಡರು.

2022ರಲ್ಲಿ ದೇಶದ ಜೈಲುಗಳಲ್ಲಿ ಸತ್ತವರು 1,995. ಅದರಲ್ಲಿ 1,773 ಸಾವುಗಳು ಸರ್ಕಾರಿ ಲೆಕ್ಕದಲ್ಲಿ ‘ಸ್ವಾಭಾವಿಕ’. ಮಾತ್ರೆ ತಪ್ಪಿ ಹೃದಯ ನಿಂತರೂ ಸೇರುವುದು ಅದೇ ಪಟ್ಟಿಗೆ. ನನಗಿದು ಸರಿ ಕಾಣುವುದಿಲ್ಲ. ಅದೇ ವರ್ಷ ನೂರು ಜನರ ಜಾಗದಲ್ಲಿ 131 ಜನರಿದ್ದರು. ನಾಲ್ವರಲ್ಲಿ ಮೂವರು ಇನ್ನೂ ವಿಚಾರಣಾಧೀನರು.

ಕಾನೂನಿಗೇನೂ ಬರವಿಲ್ಲ. ಪ್ರತಿ ಜೈಲಿನಲ್ಲೂ ಆಸ್ಪತ್ರೆ ಅಥವಾ ರೋಗಿಗಳಿಗೆ ತಕ್ಕ ಜಾಗ ಇರಬೇಕೆಂದು 1894ರ ಜೈಲು ಕಾಯ್ದೆಯೇ ಹೇಳಿದೆ. ಬಂಧನದಲ್ಲಿರುವವರಿಗೂ ಎಚ್‌ಐವಿ ಚಿಕಿತ್ಸೆ ಹಕ್ಕೆಂದು 2017ರ ಕಾಯ್ದೆ ಸಾರಿದೆ. ಹೊರಗಿನವರಿಗೆ ಸಿಗುವ ಮಟ್ಟದ ಚಿಕಿತ್ಸೆಯೇ ಒಳಗಿನವರಿಗೂ ಸಿಗಬೇಕು, ನಡುವೆ ತಪ್ಪಬಾರದು ಎಂಬುದು ವಿಶ್ವಸಂಸ್ಥೆಯ 2015ರ ಮಂಡೇಲಾ ನಿಯಮ.

ನಿಮ್ಮವರು ಯಾರಾದರೂ ಬಂಧನಕ್ಕೊಳಗಾದರೆ ಡಾಕ್ಟರ ಚೀಟಿಯ ನಕಲನ್ನು ವಕೀಲರ ಕೈಗೆ ಕೊಡಿ, ಮೊದಲ ದಿನವೇ ಮ್ಯಾಜಿಸ್ಟ್ರೇಟರ ಮುಂದೆ ಕಾಯಿಲೆಯ ಹೆಸರು ಹೇಳಿಸಿ. ವಕೀಲರಿಗೆ ಕೊಡಲು ಹಣವಿಲ್ಲವೇ? ಬಂಧನದಲ್ಲಿರುವವರಿಗೆ ಕಾನೂನು ನೆರವು ಉಚಿತ. ಸಹಾಯವಾಣಿ 15100.