66 ಡಿಗ್ರಿ ಎಂದರೆ ನಿಜವಾಗಿಯೂ 66 ಇದೆಯೇ?

ಮನೆಯಲ್ಲೇ ಬಿಯರ್ ಮಾಡುವ ವಿಷಯ ಎಂದ ಕೂಡಲೇ ಕೆಲವರು ಹುಬ್ಬೇರಿಸಬಹುದು. ಕುಡಿಯದವರೂ ಧಾರಾಳವಾಗಿ ಓದಬಹುದು ಸ್ವಾಮಿ, ಇದರಲ್ಲಿ ಅಮಲಿಗಿಂತ ಅಡುಗೆಯೇ ಹೆಚ್ಚು!

ಗಾಫ್ ವಿಟ್ಲಮ್ ಸರಕಾರದ ಕಾಲದಿಂದ (1972-75) ಆಸ್ಟ್ರೇಲಿಯಾದಲ್ಲಿ ಸ್ವಂತ ಬಳಕೆಗೆ ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಅಡ್ಡಿಯಿಲ್ಲ. ಲೈಸೆನ್ಸ್ ಇಲ್ಲದೆ ಮಾರುವಂತಿಲ್ಲ, ಭಟ್ಟಿ ಇಳಿಸುವಂತೆಯೂ ಇಲ್ಲ. ಹಾಗಾಗಿ ಸಿಡ್ನಿ, ಮೆಲ್ಬರ್ನ್‌ಗಳ ಗರಾಜುಗಳಲ್ಲಿ ಕಾರಿನ ಪಕ್ಕದಲ್ಲೇ ಪಾತ್ರೆ, ಪೈಪು, ನಲ್ಲಿ ಜೋಡಿಸಿಕೊಂಡು ಕೂತ ನಮ್ಮವರೂ ಇದ್ದಾರೆ. ನಾನೂ ಅವರಲ್ಲೊಬ್ಬ.

ರಾಗಿ ಮಾಲ್ಟ್ ಗೊತ್ತಿದ್ದವರಿಗೆ ಬಿಯರಿನ ಅರ್ಧ ವಿಜ್ಞಾನ ಗೊತ್ತಿದ್ದಂತೆಯೇ. ಮೊಳಕೆ ಬರಿಸಿದ ರಾಗಿಯ ಹಿಟ್ಟಿನ ಗಂಜಿ ಸಾದಾ ಹಿಟ್ಟಿನ ಗಂಜಿಗಿಂತ ತೆಳ್ಳಗಿರುತ್ತದೆ, ಕೊಂಚ ಸಿಹಿಯೂ ಇರುತ್ತದೆ. ಮೊಳಕೆಯಲ್ಲಿ ಹುಟ್ಟಿದ ಕಿಣ್ವಗಳು ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುವುದೇ ಇದಕ್ಕೆ ಕಾರಣ. ಬಿಯರಿನಲ್ಲಿ ರಾಗಿಯ ಬದಲು ಬಾರ್ಲಿ, ಅಷ್ಟೇ. ನುಚ್ಚು ಮಾಡಿದ ಬಾರ್ಲಿ ಮಾಲ್ಟನ್ನು ಬಿಸಿನೀರಿನಲ್ಲಿ ಸುಮಾರು ಒಂದು ಗಂಟೆ ನೆನೆಸಿಡುತ್ತೇವೆ. ಇದಕ್ಕೆ ಮ್ಯಾಶ್ ಎಂದು ಹೆಸರು.

ಇಲ್ಲಿ ಕೆಲಸ ಮಾಡುವ ಕಿಣ್ವಗಳು ಮುಖ್ಯವಾಗಿ ಎರಡು. ಬೀಟಾ ಅಮೈಲೇಸ್‌ಗೆ 60ರಿಂದ 65 ಡಿಗ್ರಿ ಇಷ್ಟ. ಯೀಸ್ಟ್ ಸುಲಭವಾಗಿ ತಿನ್ನುವ ಸಕ್ಕರೆಯನ್ನು ಮಾಡಿಕೊಡುವುದು ಇದೇ. ಆಲ್ಫಾ ಅಮೈಲೇಸ್‌ಗೆ 70ರ ಆಸುಪಾಸು ಹಿತ. ಅದು ಬಿಡುವ ದೊಡ್ಡ ತುಂಡುಗಳಲ್ಲಿ ಬಹಳಷ್ಟನ್ನು ಯೀಸ್ಟ್ ಮುಟ್ಟುವುದಿಲ್ಲ. 63ರಲ್ಲಿ ಮಾಡಿದರೆ ಬಿಯರ್ ತೆಳುವಾಗಿ, ಸಿಹಿಯಿಲ್ಲದೆ, ಹೆಚ್ಚು ಆಲ್ಕೋಹಾಲಿನೊಂದಿಗೆ ಬರುತ್ತದೆ. 69ರಲ್ಲಿ ಮಾಡಿದರೆ ಮಂದವಾಗಿ, ಸಿಹಿಯಾಗಿ ಬರುತ್ತದೆ. ಇಬ್ಬರನ್ನೂ ಸಮಾಧಾನಪಡಿಸಲು 66 ಇಟ್ಟುಕೊಳ್ಳುವವರು ಬಹಳ. ಹೆಪ್ಪು ಹಾಕುವ ಹಾಲಿಗೆ ಅಮ್ಮ ಬೆರಳದ್ದಿ "ಉಗುರುಬೆಚ್ಚಗಿದೆ" ಎಂದರೆ ಸಾಕಿತ್ತು. ಇಲ್ಲಿ ಬೆರಳೂ ಸುಡುತ್ತದೆ, ಅಂದಾಜೂ ಕೆಡುತ್ತದೆ.

ಮೆಲ್ಬರ್ನ್‌ನಲ್ಲಿ ನನಗೊಬ್ಬ ಶಿವಮೊಗ್ಗ ಕಡೆಯ ಗೆಳೆಯನಿದ್ದಾನೆ. ದೊಡ್ಡ ಸ್ಟೀಲ್ ಪಾತ್ರೆಗೆ ತೂತು ಕೊರೆದು ಗಡಿಯಾರದಂಥ ಥರ್ಮಾಮೀಟರ್ ಕೂರಿಸಿ, ಗ್ಯಾಸ್ ಒಲೆಯ ಮೇಲೆ ಮ್ಯಾಶ್ ಮಾಡುತ್ತಾನೆ. ಪ್ರತಿ ಸಲವೂ ಬಿಯರ್ ಸಿಹಿ, ಭಾರ. "ಯೀಸ್ಟೇ ಸರಿ ಇಲ್ಲ ಮಾರಾಯಾ" ಎಂದು ಮೂರು ಸಲ ಯೀಸ್ಟ್ ಬದಲಿಸಿದ್ದ. ಒಂದು ಜುಲೈನಲ್ಲಿ ಅವನ ಮನೆಗೆ ಹೋದಾಗ ಪಾತ್ರೆಯ ನಡುವೆ, ತಳದಲ್ಲಿ, ಮೇಲ್ಭಾಗದಲ್ಲಿ ಬೇರೆ ಬೇರೆಯಾಗಿ ಅಳೆದೆವು. ಗೋಡೆಯ ಥರ್ಮಾಮೀಟರ್ 66 ಎನ್ನುತ್ತಿತ್ತು, ನಡುವೆ 70 ಇತ್ತು! ಅದರ ಕಡ್ಡಿ ಎರಡು ಇಂಚೂ ಇರಲಿಲ್ಲ. ಚಳಿಗೆ ತಣ್ಣಗಾದ ಗೋಡೆಯ ಪಕ್ಕದ ಗಂಜಿಯನ್ನಷ್ಟೇ ಅದು ಅಳೆಯುತ್ತಿತ್ತು. ಅದನ್ನು ನಂಬಿ ಇವನು ಗ್ಯಾಸ್ ಹೆಚ್ಚಿಸುತ್ತಿದ್ದ. ಪಾಪ, ಯೀಸ್ಟ್ ನಿರಪರಾಧಿ.

ಮ್ಯಾಶ್ ನೀರಿನಂತೆ ತಾನಾಗಿ ಬೆರೆಯುವುದಿಲ್ಲ. ಅದು ದಪ್ಪ ಗಂಜಿ, ಒಂದೊಂದು ಮೂಲೆಯಲ್ಲಿ ಒಂದೊಂದು ಬಿಸಿ. ಆದ್ದರಿಂದ ಚೆನ್ನಾಗಿ ಕಲಕಿ, ನಡುವೆ ಅಳೆಯಿರಿ. ಕಡ್ಡಿ ಹತ್ತು ಸೆಂಟಿಮೀಟರಾದರೂ ಒಳಗಿರಲಿ, ಅಂಕಿ ನಿಲ್ಲುವವರೆಗೆ ಕಾಯಿರಿ. ಪಂಪ್ ಹಾಕಿ ರಸವನ್ನು ಸುತ್ತಿಸುವವರು ಹೀಟರಿನಿಂದ ಹೊರಬರುವ ಜಾಗದಲ್ಲೂ ಒಂದು ಸೆನ್ಸರ್ ಇಡುವುದು ಒಳ್ಳೆಯದು. ಕಿಣ್ವ ಸಾಯುವುದಾದರೆ ಮೊದಲು ಅಲ್ಲೇ.

ನನ್ನ ಸಿಡ್ನಿಯ ಏರ್ಪಾಡು ಇನ್ನೂ ಸರಳ: ಪಿಕ್ನಿಕ್ಕಿಗೆ ಒಯ್ಯುವ ಎಸ್ಕಿ ಡಬ್ಬವೇ ಪಾತ್ರೆ. ಅದರೊಳಗೆ ಡಿಎಸ್18ಬಿ20 ಎಂಬ ಪುಟ್ಟ ಡಿಜಿಟಲ್ ಸೆನ್ಸರ್, ಸ್ಟೀಲ್ ಟೊಪ್ಪಿಗೆ ಹಾಕಿದ್ದು. ಸಾಫ್ಟ್‌ವೇರ್ ಮಂದಿಗೆ ಆರ್ಡುಯಿನೋಗೆ ಜೋಡಿಸುವುದು ಒಂದು ಸಂಜೆಯ ಕೆಲಸ. ಮ್ಯಾಶಿನ ಉಷ್ಣಾಂಶದಲ್ಲಿ ಅದರ ತಪ್ಪು ಅರ್ಧ ಡಿಗ್ರಿಯೊಳಗೆ. ಆದರೂ ಪರೀಕ್ಷಿಸದೆ ನಂಬಬೇಡಿ. ಪುಡಿ ಮಾಡಿದ ಐಸ್ ಮತ್ತು ನೀರಿನಲ್ಲಿ ಸೊನ್ನೆ, ಕುದಿಯುವ ನೀರಿನಲ್ಲಿ 100 ತೋರಿಸಬೇಕು. ನಮ್ಮ ಎರಡೂ ಊರು ಸಮುದ್ರಮಟ್ಟದಲ್ಲಿರುವುದರಿಂದ ಈ ಲೆಕ್ಕ ಸರಿ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97ರ ಹತ್ತಿರವೇ ಕುದಿಯುತ್ತದೆ. ಅಲ್ಲಿ ಥರ್ಮಾಮೀಟರನ್ನು ಬೈಯಬೇಡಿ!

ನೀರನ್ನು ಎಷ್ಟು ಕಾಯಿಸಬೇಕು? ಐದು ಕಿಲೋ ಮಾಲ್ಟಿಗೆ 15 ಲೀಟರ್ ನೀರು ಎಂದುಕೊಳ್ಳಿ. ಸಿಡ್ನಿಯ ಬೇಸಿಗೆಯಲ್ಲಿ ಮಾಲ್ಟ್ 28 ಡಿಗ್ರಿ ಇದ್ದರೆ ನೀರು 71 ಇದ್ದರೆ ಸಾಕು, ಬೆರೆಸಿದಾಗ 66ಕ್ಕೆ ಇಳಿಯುತ್ತದೆ. ಮೆಲ್ಬರ್ನ್ ಚಳಿಯಲ್ಲಿ 8 ಡಿಗ್ರಿಯ ಮಾಲ್ಟಿಗೆ 74 ಬೇಕು. ಪಾತ್ರೆಯನ್ನು ಮೊದಲೇ ಬಿಸಿನೀರಿನಿಂದ ಬೆಚ್ಚಗೆ ಮಾಡಿಟ್ಟರೆ ಮಾತ್ರ ಈ ಲೆಕ್ಕ ನಡೆಯುತ್ತದೆ.

ಕೊನೆಗೆ ಒಂದು ಹನಿ ರಸವನ್ನು ಬಿಳಿ ತಟ್ಟೆಗೆ ಹಾಕಿ ಅಯೋಡಿನ್ ಬೆರೆಸಿ. ಹೈಸ್ಕೂಲಿನ ಆಲೂಗಡ್ಡೆ ಪ್ರಯೋಗ ನೆನಪಿದೆಯಲ್ಲ? ಕಡುನೀಲಿಯಾದರೆ ಪಿಷ್ಟ ಇನ್ನೂ ಉಳಿದಿದೆ. ಆ ಹನಿಯನ್ನು ಚೆಲ್ಲಿಬಿಡಿ.

ಇಷ್ಟೆಲ್ಲ ತಲೆಬಿಸಿ ಯಾಕೆ ಎನ್ನುತ್ತೀರಾ? ಗೆಳೆಯ ಥರ್ಮಾಮೀಟರ್ ಬದಲಿಸಿದ ಮೇಲೆ ಅದೇ ಮಾಲ್ಟ್, ಅದೇ ಯೀಸ್ಟಿನಿಂದ ಸುಮಾರು 4.5 ಶೇಕಡಾ ಇದ್ದ ಬಿಯರ್ 5.1 ಆಯಿತು. ಇಲ್ಲಿನ ಲೆಕ್ಕದಲ್ಲಿ 10 ಗ್ರಾಂ ಆಲ್ಕೋಹಾಲ್ ಒಂದು ಸ್ಟ್ಯಾಂಡರ್ಡ್ ಡ್ರಿಂಕ್. 375 ಮಿಲಿಲೀಟರಿನ ಮೂರು ಬಾಟಲಿಗಳಲ್ಲಿ ನಾಲ್ಕು ಡ್ರಿಂಕ್ ಇದ್ದದ್ದು ನಾಲ್ಕೂವರೆಯಾಯಿತು. ಬಾಟಲಿಗೆ ಹಾಕುವ ಸಕ್ಕರೆಯಿಂದ ಇನ್ನಷ್ಟು ಸೇರುತ್ತದೆ. ಅಂಗಡಿಯ ಬಾಟಲಿಯ ಮೇಲೆ ಈ ಅಂಕಿ ಅಚ್ಚಾಗಿರುತ್ತದೆ, ನಮ್ಮದರ ಮೇಲೆ ಏನೂ ಇಲ್ಲ. ಹಳೆಯ ಲೆಕ್ಕದಲ್ಲೇ ಕುಡಿದ ಅತಿಥಿ ಕಾರಿನ ಕೀಲಿ ಎತ್ತಿಕೊಂಡರೆ? ಎರಡೂ ರಾಜ್ಯಗಳಲ್ಲಿ ಪೂರ್ಣ ಲೈಸೆನ್ಸಿನ ಸಾಮಾನ್ಯ ಚಾಲಕರಿಗೆ ಮಿತಿ 0.05, ಪಿ ಪ್ಲೇಟ್ ಮಕ್ಕಳಿಗೆ ಸೊನ್ನೆ.

ಹುದುಗುವ ಮೊದಲು, ಹುದುಗಿದ ನಂತರ ಹೈಡ್ರೋಮೀಟರಿನಲ್ಲಿ ಅಳೆದು, ಪ್ರತಿ ಬಾಟಲಿಗೂ ಒಂದು ಚೀಟಿ ಅಂಟಿಸಿ: ಮಾಡಿದ ದಿನ, ಮ್ಯಾಶಿನ ಉಷ್ಣಾಂಶ, ಶೇಕಡಾ ಎಷ್ಟು. ಬಡಿಸುವವನಿಗೆ ಲೋಟದಲ್ಲೇನಿದೆ ಎಂದು ಗೊತ್ತಿರಬೇಕು, ಅಲ್ಲವೇ? ನಮ್ಮ ಮೆಲ್ಬರ್ನ್ ಗೆಳೆಯ ಈಗ ಚೀಟಿಯನ್ನು ಕನ್ನಡದಲ್ಲೇ ಬರೆಯುತ್ತಾನೆ. ಪೊಲೀಸರಿಗೆ ಅರ್ಥವಾಗದಿದ್ದರೂ ನೆಂಟರಿಗೆ ಅರ್ಥವಾದರೆ ಸಾಕಂತೆ!