ಹಾಲು ಕುಡಿದ ಮೇಲೂ ರಾತ್ರಿಯೆಲ್ಲ ಮಗು ತಿಣುಕುತ್ತಿದೆಯೇ? ಬಾಯಿಗೆ ಏನಾದರೂ ಹಾಕುವ ಮುನ್ನ ಇದನ್ನು ಓದಿ

ರಾತ್ರಿ ಎದೆಹಾಲು ಕುಡಿದು ಮಲಗಿದ ಎಳೆ ಮಗು ಸ್ವಲ್ಪ ಹೊತ್ತಿಗೇ ಮೈ ಮುರಿಯುತ್ತದೆ, ಮುಖ ಕೆಂಪಗೆ ಮಾಡಿಕೊಂಡು ತಿಣುಕುತ್ತದೆ, ಕೈಕಾಲು ಆಡಿಸುತ್ತದೆ, ಕುಂಯ್ ಅನ್ನುತ್ತದೆ. ಇದಕ್ಕೆ ಮೊಬೈಲಿಗೆ ಬರುವ ಫಾರ್ವರ್ಡ್‌ಗಳಲ್ಲಿ ಮದ್ದಿಗೆ ಬರವಿಲ್ಲ. ಬಜೆ ತೇಯ್ದು ನೆಕ್ಕಿಸಿ, ಗ್ರೈಪ್ ವಾಟರ್ ಕೊಡಿ, ನಾಲಿಗೆಗೆ ಜೇನು ಸವರಿ, ಸಂಜೆ ದೃಷ್ಟಿ ತೆಗೆಯಿರಿ. ಮನೆಯೊಳಗೆ ಇನ್ನೊಂದು ತೀರ್ಪು ಸಿದ್ಧವಾಗಿರುತ್ತದೆ: "ನಿನ್ನ ಹಾಲು ಮಗುವಿಗೆ ಸಾಲ್ತಾ ಇಲ್ಲ."

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಈ ಗೊಂದಲಕ್ಕೆ ಬೆಲೆ ಹೆಚ್ಚು. ನಡುರಾತ್ರಿ ಮಕ್ಕಳ ತಜ್ಞರೇ ಬೇಕೆಂದರೆ ದಾವಣಗೆರೆಗೆ, ನ್ಯಾಮತಿ ಕಡೆಯವರಾದರೆ ಶಿವಮೊಗ್ಗಕ್ಕೆ ಗಾಡಿ ಹೊಂದಿಸಬೇಕು. ಹಾಗಾಗಿ ಯಾವ ಮಗುವನ್ನು ತಕ್ಷಣ ಕರೆದೊಯ್ಯಬೇಕು, ಯಾವ ಮಗುವನ್ನು ಅದರ ಪಾಡಿಗೆ ಬಿಡಬೇಕು ಎಂಬುದು ಮನೆಯಲ್ಲೇ ಗೊತ್ತಿರಬೇಕು. ಹೀಗೆ ತಿಣುಕುವ ಮಕ್ಕಳಲ್ಲಿ ಬಹಳಷ್ಟು ಮಕ್ಕಳು ಆ ಹೊತ್ತಿಗೆ ಎಚ್ಚರವಾಗಿರುವುದೇ ಇಲ್ಲ. ನಿದ್ದೆಯಲ್ಲೇ ಇರುತ್ತವೆ.

1950ರ ದಶಕದ ಆರಂಭದಲ್ಲಿ ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಯೂಜೀನ್ ಅಸೆರಿನ್ಸ್ಕಿ ಎಂಬ ವಿದ್ಯಾರ್ಥಿ ಮಲಗಿದವರ ಕಣ್ಣುಗಳನ್ನು ಗಮನಿಸುತ್ತಿದ್ದರು. ನಿದ್ದೆಯಲ್ಲಿ ಕೆಲವು ಹೊತ್ತು ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಅತ್ತಿತ್ತ ಓಡಾಡುತ್ತದೆ, ಆಗ ಮಿದುಳು ಚುರುಕಾಗಿ ಕೆಲಸ ಮಾಡುತ್ತಿರುತ್ತದೆ ಎಂಬುದನ್ನು ಅವರು ತಮ್ಮ ಗುರು ನಥಾನಿಯಲ್ ಕ್ಲೈಟ್‌ಮನ್ ಜೊತೆ 1953ರಲ್ಲಿ ಪ್ರಕಟಿಸಿದರು. ದೊಡ್ಡವರ ನಿದ್ದೆಯಲ್ಲಿ ಈ ಪಾಲು ಸುಮಾರು ಕಾಲು ಭಾಗ. ಹೊಸದಾಗಿ ಹುಟ್ಟಿದ ಮಗುವಿನಲ್ಲಿ ಸುಮಾರು ಅರ್ಧ! ನಮಗೆ ಈ ಹಂತದಲ್ಲಿ ಮಿದುಳು ಕೈಕಾಲಿನ ಸ್ನಾಯುಗಳಿಗೆ ಬೀಗ ಹಾಕಿಬಿಡುತ್ತದೆ, ಹಾಗಾಗಿ ಕನಸಿನಲ್ಲಿ ಓಡಿದರೂ ಹಾಸಿಗೆಯಲ್ಲಿ ಓಡುವುದಿಲ್ಲ. ಎಳೆ ಮಗುವಿನಲ್ಲಿ ಆ ಬೀಗ ಇನ್ನೂ ಗಟ್ಟಿಯಾಗಿರುವುದಿಲ್ಲ. ಅದಕ್ಕೇ ಒದೆಯುತ್ತದೆ, ನಗುತ್ತದೆ, ಅಳುವ ಮುಖ ಮಾಡುತ್ತದೆ, ಬಾಯಿ ಚಪ್ಪರಿಸುತ್ತದೆ. ಉಸಿರು ಒಮ್ಮೆ ವೇಗ, ಒಮ್ಮೆ ನಿಧಾನ. ಐದರಿಂದ ಹತ್ತು ಸೆಕೆಂಡ್ ನಿಂತಂತಾಗಿ ಮತ್ತೆ ಶುರುವಾಗುವುದೂ ಉಂಟು. ನೋಡಿದವರ ಎದೆ ಝಲ್ಲೆನ್ನುತ್ತದೆ, ಮಗುವಿಗೆ ಏನೂ ಆಗಿರುವುದಿಲ್ಲ.

ಇನ್ನೊಂದು ವ್ಯತ್ಯಾಸವಿದೆ. ನಾವು ಮೊದಲು ಗಾಢ ನಿದ್ದೆಗೆ ಜಾರುತ್ತೇವೆ. ಮೂರು ತಿಂಗಳವರೆಗಿನ ಮಗು ಈ ಚುರುಕು ನಿದ್ದೆಯ ಮೂಲಕವೇ ಒಳಗೆ ಹೋಗುತ್ತದೆ. ಅಂದರೆ ಹಾಲು ಕುಡಿದು ಕಣ್ಣು ಮುಚ್ಚಿದ ಕೂಡಲೇ ಕಾಣುವ ಒದ್ದಾಟ ಅದರ ನಿದ್ದೆಯ ಬಾಗಿಲು. ಒಂದು ಸುತ್ತು ಐವತ್ತು–ಅರವತ್ತು ನಿಮಿಷಕ್ಕೆ ಮುಗಿದು ಮತ್ತೆ ಅದೇ ಬಾಗಿಲಿಗೆ ಬರುತ್ತದೆ. ಆ ಹೊತ್ತಿನಲ್ಲಿ "ಅಯ್ಯೋ ಎದ್ದಿತು" ಎಂದು ಲೈಟು ಹಾಕಿ, ಎತ್ತಿ, ತಟ್ಟಿ, ಮತ್ತೆ ಮೊಲೆ ಬಾಯಿಗಿಟ್ಟರೆ ಮಗು ನಿಜವಾಗಿಯೂ ಎಚ್ಚರವಾಗುತ್ತದೆ. ಒಂದೆರಡು ನಿಮಿಷ ಕೈ ಕಟ್ಟಿಕೊಂಡು ನೋಡುವುದು ಕಷ್ಟ. ಆದರೂ ಅದೇ ಮೊದಲ ಉಪಾಯ. ಕಣ್ಣು ತೆರೆದು ಅಳು ಏರುತ್ತಾ ಹೋದರೆ ಎತ್ತಿಕೊಳ್ಳಿ.

ತೋಳಿನಲ್ಲಿ ಮಲಗಿದ್ದ ಮಗು ಕೆಳಗಿಟ್ಟ ಕೂಡಲೇ ಏಳುವುದು ಯಾಕೆ? ಜಪಾನಿನ ರೀಕೆನ್ ಸಂಸ್ಥೆಯ ತಂಡ 2022ರಲ್ಲಿ 21 ಮಕ್ಕಳ ಹೃದಯ ಬಡಿತ ಅಳೆದು ಇದನ್ನು ನೋಡಿತು. ಅಳುವ ಮಗುವನ್ನು ಎತ್ತಿಕೊಂಡು ಐದು ನಿಮಿಷ ಒಂದೇ ಸಮನೆ ನಡೆದರೆ ಅಳು ತಗ್ಗಿತು, ಹಲವು ಮಕ್ಕಳು ನಿದ್ದೆಗೂ ಜಾರಿದವು. ಆದರೆ ಅಮ್ಮನ ಮೈಯಿಂದ ಮಗುವಿನ ಮೈ ಬೇರ್ಪಡುವ ಕ್ಷಣದಲ್ಲೇ ಬಡಿತ ಏರುತ್ತಿತ್ತು. ನಿದ್ದೆ ಬಂದ ಮೇಲೆ ಐದರಿಂದ ಎಂಟು ನಿಮಿಷ ಹಾಗೇ ಕೂತು ಆಮೇಲೆ ಮಲಗಿಸಿ ಎಂಬುದು ಅವರ ಸಲಹೆ. ಸಣ್ಣ ಅಧ್ಯಯನ, ಎಲ್ಲ ಮಕ್ಕಳಿಗೂ ಒಪ್ಪಬೇಕೆಂದಿಲ್ಲ. ಖರ್ಚಂತೂ ಇಲ್ಲ. ಈ ನಡೆಯುವ ಕೆಲಸ ಅಪ್ಪನೂ ಮಾಡಬಹುದು, ಅಜ್ಜನೂ ಮಾಡಬಹುದು.

ಈಗ ಗ್ಯಾಸ್ ವಿಷಯ. ಹಾಲು ಕುಡಿದ ಮೇಲೆ ಹೆಗಲಿಗೆ ಹಾಕಿ ತೇಗು ಬರಿಸದಿದ್ದರೆ ಮಗು ಮಲಗುವುದಿಲ್ಲ ಎಂದು ಎಲ್ಲರೂ ನಂಬುತ್ತಾರೆ. ಚಂಡೀಗಢದ ಪಿಜಿಐ ಆಸ್ಪತ್ರೆಯವರು ಇದನ್ನು 71 ತಾಯಿ–ಮಗು ಜೋಡಿಗಳಲ್ಲಿ ಮೂರು ತಿಂಗಳು ಪರೀಕ್ಷಿಸಿದರು. ತೇಗು ಬರಿಸಿದ ಮಕ್ಕಳಲ್ಲಿ ಹೊಟ್ಟೆನೋವಿನ ಅಳು ಗಣನೀಯವಾಗಿ ಕಡಿಮೆಯಾಗಲಿಲ್ಲ, ಹಾಲು ಕಕ್ಕುವುದು ಮಾತ್ರ ಹೆಚ್ಚಾಯಿತು. ತೇಗು ಬರಿಸಬೇಡಿ ಎಂದಲ್ಲ, ಮಗುವಿಗೆ ಹಿತವೆನಿಸಿದರೆ ಮಾಡಿ. ತೇಗು ಬರಲಿಲ್ಲವೆಂದು ರಾತ್ರಿ ಅರ್ಧ ಗಂಟೆ ಬೆನ್ನು ತಟ್ಟುತ್ತಾ ಕೂರಬೇಕಾಗಿಲ್ಲ. ತಿಣುಕುವುದಕ್ಕೆ ಇನ್ನೊಂದು ಕಾರಣ, ಹೊಟ್ಟೆಗೆ ಹಾಲು ಬಿದ್ದ ಕೂಡಲೇ ಕರುಳು ಕೆಲಸ ಶುರು ಮಾಡುವುದು. ಮುಕ್ಕುವುದು ಮತ್ತು ಗುದದ್ವಾರ ಸಡಿಲಿಸುವುದು ಎರಡನ್ನೂ ಒಟ್ಟಿಗೆ ಮಾಡಲು ಮಗು ಇನ್ನೂ ಕಲಿಯುತ್ತಿರುತ್ತದೆ. ಮಲ ಮೆತ್ತಗಿದ್ದರೆ ಅದು ಮಲಬದ್ಧತೆ ಅಲ್ಲ.

"ಹಾಲು ಸಾಲ್ತಿಲ್ಲ" ಎಂಬ ಮಾತು ಇವೆಲ್ಲಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ರಾತ್ರಿ ಬಾಟಲಿ ಹಾಲು ಶುರುವಾಗುತ್ತದೆ, ಮಗು ಎದೆ ಚೀಪುವುದು ಕಡಿಮೆಯಾಗುತ್ತದೆ, ಚೀಪಿದಷ್ಟೇ ಹಾಲು ಉತ್ಪತ್ತಿಯಾಗುವುದರಿಂದ ಹಾಲು ನಿಜವಾಗಿಯೂ ಇಳಿಯುತ್ತದೆ. ಸುಳ್ಳು ಮಾತು ತಾನೇ ನಿಜವಾಗುವುದು ಹೀಗೆ. ಹಾಲು ಸಾಲುತ್ತಿದೆಯೇ ಎಂದು ತಿಳಿಯಲು ನಿದ್ದೆ ಅಳತೆಗೋಲಲ್ಲ. ಮೊದಲ ವಾರ ಕಳೆದ ಮಗು ದಿನಕ್ಕೆ ಆರು ಅಥವಾ ಹೆಚ್ಚು ಸಲ ಮೂತ್ರ ಮಾಡುತ್ತಿದೆಯೇ, ತಾಯಿ ಕಾರ್ಡ್‌ನಲ್ಲಿ ತೂಕದ ಗೆರೆ ಮೇಲೇರುತ್ತಿದೆಯೇ ಎಂಬುದನ್ನು ನೋಡಿ. ಅವೆರಡೂ ಸರಿಯಿದ್ದರೆ ಅತ್ತೆಯವರಿಗೂ ಆ ಕಾರ್ಡ್ ತೋರಿಸಿ.

ಇನ್ನು ಬಾಯಿಗೆ ಹಾಕುವ ವಸ್ತುಗಳು. ಬಜೆ ನಮ್ಮ ಕಡೆ ತೊಟ್ಟಿಲಷ್ಟೇ ಹಳೆಯದು. ಅದರಲ್ಲಿ ಬೀಟಾ ಅಸರೋನ್ ಎಂಬ ರಾಸಾಯನಿಕ ಇರುತ್ತದೆ. ಇಲಿಗಳಲ್ಲಿ ಗೆಡ್ಡೆ ಉಂಟುಮಾಡಿದ್ದರಿಂದ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರಕ್ಕೆ ಬಳಸುವುದನ್ನು ನಿಷೇಧಿಸಿತು. ಕಲ್ಲಿನ ಮೇಲೆ ಎಷ್ಟು ತೇಯ್ದರೆ ಎಷ್ಟು ಅಂಶ ಬರುತ್ತದೆ ಎಂಬ ಲೆಕ್ಕ ಯಾರ ಹತ್ತಿರವೂ ಇಲ್ಲ. ಗಸಗಸೆ ಅಫೀಮು ಗಿಡದ್ದೇ ಬೀಜ. ಅದಕ್ಕೆ ಅಂಟಿದ ಹಾಲಿನ ಅಂಶ ಎಳೆ ಮಗುವಿನ ಉಸಿರನ್ನೇ ಮಂದ ಮಾಡಬಲ್ಲದು. ಜೇನಿನಲ್ಲಿ ಬಾಟ್ಯುಲಿಸಂ ಎಂಬ ಅಪರೂಪದ, ಆದರೆ ಜೀವಕ್ಕೇ ಕುತ್ತಾಗುವ ಕಾಯಿಲೆ ತರುವ ಬೀಜಾಣು ಇರಬಹುದು, ಹಾಗಾಗಿ ಒಂದು ವರ್ಷ ತುಂಬುವವರೆಗೆ ಬೇಡವೇ ಬೇಡ. ಗ್ರೈಪ್ ವಾಟರ್ ನಿದ್ದೆ ತರಿಸುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ ಎನ್ನುವಾಗ ಅದು ಬೇಕೇ?

ಎಲ್ಲಕ್ಕಿಂತ ಅಪಾಯ ನಿದ್ದೆ ಬರಲೆಂದು ಕೊಡುವ ನೆಗಡಿ–ಕೆಮ್ಮಿನ ಸಿರಪ್. ದೊಡ್ಡ ಮಗುವಿಗೆ ತಂದದ್ದು ಮನೆಯಲ್ಲಿ ಉಳಿದಿರುತ್ತದೆ, ಕುಡಿಸಿದರೆ ಮಗು ಮಲಗುತ್ತದೆ ಕೂಡ. ಅದು ನಿದ್ದೆಯಲ್ಲ, ಮಂಪರು. 2025ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದ ಮಕ್ಕಳ ಮೂತ್ರಪಿಂಡ ವಿಫಲವಾಗಿ ಸಾವುಗಳಾದ ಸುದ್ದಿ ನಿಮಗೆ ನೆನಪಿರಬಹುದು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು–ನೆಗಡಿಯ ಔಷಧಿಗಳನ್ನು ಬರೆಯಲೂಬಾರದು, ಕೊಡಲೂಬಾರದು ಎಂದು ಕೇಂದ್ರ ಸರ್ಕಾರ ಆಗ ಸೂಚಿಸಿತು. ವಿಷ ಬೆರೆಯದ ಒಳ್ಳೆಯ ಸಿರಪ್‌ಗೂ ಇದೇ ಮಾತು.

ಮಲಗಿಸುವುದು ಯಾವಾಗಲೂ ಅಂಗಾತ. ಅಂಗಾತ ಮಲಗಿದರೆ ಕಕ್ಕಿದ ಹಾಲು ನೆತ್ತಿಗೇರುತ್ತದೆ ಎಂಬ ಭಯ ಸಹಜ. ಆದರೆ ಆ ಭಂಗಿಯಲ್ಲಿ ಶ್ವಾಸನಾಳ ಮೇಲಿರುತ್ತದೆ, ಅನ್ನನಾಳ ಕೆಳಗಿರುತ್ತದೆ. ಬೋರಲು ಮಲಗಿಸಿದರೇ ಅದು ತಲೆಕೆಳಗಾಗುವುದು. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬು, ಮುಖಕ್ಕೆ ಬರುವ ಕಂಬಳಿ, ಮುಚ್ಚಿದ ಬಾಣಂತಿ ಕೋಣೆಯಲ್ಲಿ ಕೆಂಡದ ಹೊಗೆ, ಈ ಮೂರೂ ಬೇಡ. ಸೊಳ್ಳೆ ಪರದೆ ಇರಲಿ. ರಾತ್ರಿ ಹಾಲು ಕೊಡುವಾಗ ಮಂದ ಬೆಳಕು ಸಾಕು, ಮೊಬೈಲ್ ಸ್ಕ್ರೀನ್ ಬೇಡ. ಹಗಲು–ರಾತ್ರಿಯ ಗಡಿಯಾರ ಮಗುವಿನಲ್ಲಿ ಎರಡು ಮೂರು ತಿಂಗಳಿಗೆ ನಿಧಾನವಾಗಿ ಕೂಡಿಬರುತ್ತದೆ. ಅಲ್ಲಿಯವರೆಗೆ ತಾಯಿಗೆ ಹಗಲಲ್ಲಿ ಎರಡು ಗಂಟೆ ನಿದ್ದೆ ಮಾಡಲು ಬಿಡುವುದೇ ಮನೆಯವರು ಕೊಡಬಹುದಾದ ಮದ್ದು. ನಿದ್ದೆಗೆಟ್ಟ ತಾಯಿ ಕುರ್ಚಿಯಲ್ಲಿ, ಸೋಫಾದಲ್ಲಿ ಮಗುವನ್ನು ಹಿಡಿದುಕೊಂಡೇ ತೂಕಡಿಸುವುದು ಅಪಾಯ.

ಕಾಯಬಾರದ ಹೊತ್ತೂ ಇದೆ. ಮಗು ಹಾಲು ಕುಡಿಯಲು ಒಲ್ಲೆ ಅಂದರೆ, ಎಬ್ಬಿಸಿದರೂ ಏಳದೆ ಜೋತುಬಿದ್ದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಶಾಂತವಾಗಿದ್ದಾಗ ನಿಮಿಷಕ್ಕೆ ಅರವತ್ತು ಅಥವಾ ಹೆಚ್ಚು ಉಸಿರು ಇದ್ದರೆ, ಎದೆಯ ಕೆಳಭಾಗ ಒಳಸೇದಿದರೆ, ಉಸಿರು ಇಪ್ಪತ್ತು ಸೆಕೆಂಡ್ ನಿಂತರೆ, ತುಟಿ ನೀಲಿಯಾದರೆ, ಹಸಿರು ವಾಂತಿಯಾದರೆ, ಹಿಡಿದರೂ ನಿಲ್ಲದ ಅದುರು ಬಂದರೆ ಬೆಳಗಾಗುವುದನ್ನು ಕಾಯದೆ 108ಕ್ಕೆ ಕರೆ ಮಾಡಿ. ಇವು ನಿದ್ದೆಯ ಲಕ್ಷಣಗಳಲ್ಲ.

ಉಳಿದ ಅನುಮಾನಕ್ಕೆ ಆಶಾ ಕಾರ್ಯಕರ್ತೆ ಇದ್ದಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ನೋಡಲು 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುವುದು ಅವರ ಕೆಲಸ. ರಾತ್ರಿ ಮಗು ತಿಣುಕುವಾಗ ಒಂದು ನಿಮಿಷದ ವಿಡಿಯೊ ಮಾಡಿಟ್ಟುಕೊಂಡು ಅವರಿಗೆ ತೋರಿಸಿ. ಗ್ರೂಪಿಗೆ ಹಾಕಬೇಡಿ.